ಒರಳೆಂಬ ಹೆಸರಿನ ಹುಟ್ಟು

ಮಕ್ಕಳಿಗೆ ಹೆಸರಿಡುವಾಗ ಅದರ ಅರ್ಥವೇನೆಂದು ಹತ್ತು ಮಂದಿಯನ್ನು ಕೇಳಿ ಆಮೇಲೆ ನಿಶ್ಚಯಿಸುವುದು ನಮ್ಮಲ್ಲಿ ವಾಡಿಕೆ. ಹೊಸ ಮನೆಯನ್ನು ಕಟ್ಟಿಸಿದವರು ಅದಕ್ಕೊಂದು ಸೊಗಸಾದ ಹೆಸರನ್ನು ಹುಡುಕುವುದೂ ಉಂಟು. ಆದರೆ ಅಡಿಗೆಯ ಮನೆಯಲ್ಲಿ ಬೆಳಗಿನಿಂದ ರಾತ್ರಿಯ ವರೆಗೆ ಕೈಗೂ ಬಾಯಿಗೂ ಸಿಕ್ಕುವ ಸಾಮಾನುಗಳ ಹೆಸರುಗಳು ಎಲ್ಲಿಂದ ಬಂದುವು, ಅವುಗಳ ನೆಂಟರಿಷ್ಟರು ಯಾರು ಎಂಬುದನ್ನು ನಾವು ವಿಚಾರಿಸುವುದೇ ಇಲ್ಲ. ಅವು ಯಾವಾಗಲೂ ಇದ್ದುವು, ಯಾವಾಗಲೂ ಇರುತ್ತವೆ ಎಂಬುದು ನಮ್ಮ ಎಣಿಕೆ. ಈ ಎಣಿಕೆಯ ಪೂರ್ವಾರ್ಧವು ಬಹುಮಟ್ಟಿಗೆ ನಿಜ, ಉತ್ತರಾರ್ಧವು ನಿಜವಲ್ಲ. ಇದನ್ನು ತೋರಿಸುವುದಕ್ಕೆ ಒರಳೆಂಬ ಒಂದೇ ಹೆಸರು ಸಾಕು.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯು ಬತ್ತದ ಸೀಮೆಯಲ್ಲಿರುವ ಊರು. ೧೯೯೭ರ ವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು ಆ ವರ್ಷ ಹೊಸದಾಗಿ ಏರ್ಪಟ್ಟ ದಾವಣಗೆರೆ ಜಿಲ್ಲೆಗೆ ಸೇರಿದ ತಾಲ್ಲೂಕು ಅದು. ಭದ್ರಾ ಜಲಾಶಯದ ಅಚ್ಚುಕಟ್ಟಿನಲ್ಲಿರುವ ಈ ಊರಿನಲ್ಲಿ ಬತ್ತವೇ ಮೊದಲಾದ ಬೆಳೆಗಳನ್ನು ಕುರಿತು ಶೋಧನೆ ನಡೆಸುವ ಕೃಷಿ ಸಂಶೋಧನ ಕೇಂದ್ರವೊಂದು ಉಂಟು. ಬತ್ತ ಬೆಳೆಯುವ ಸೀಮೆಯೆಂದ ಮೇಲೆ ಹಿಂದಿನ ಕಾಲದಲ್ಲಿ ಮನೆಮನೆಗೂ ಒರಳು ಇರಲೇಬೇಕಾಗಿದ್ದಿತಷ್ಟೆ. ಗದ್ದೆಯ ಬತ್ತವು ಉಣ್ಣುವ ಅಕ್ಕಿಯಾಗಬೇಕಾದರೆ ಒರಳನ್ನು ಹೊಕ್ಕು ಹೊರಡಬೇಕಾಗಿದ್ದಿತು. ಇಂದು ಆ ಕೆಲಸವನ್ನು ಗಿರಣಿಯು ಮಾಡುತ್ತದೆ. ಹಳೆಯ ಮನೆಗಳ ಒರಳು ಹಿತ್ತಿಲಿನಲ್ಲಿ ಮಳೆನೀರು ತುಂಬಿಕೊಂಡು ಕುಳಿತಿರುತ್ತದೆ.

ಹೆಸರಿನ ವಿಚಾರಕ್ಕೆ ಮೊದಲನೆಯ ಪಾಠವು ಈ ಊರಿನ ಹೆಸರಿನಲ್ಲಿಯೇ ದೊರೆಯುತ್ತದೆ. ಕತ್ತಲ ಎಂಬುದರ ಮುಂದೆ ಕೆರೆ ಎಂಬುದು ಬಂದು ಸೇರಿದಾಗ ಕಕಾರವು ಗಕಾರವಾಗಿ ಕತ್ತಲಗೆರೆ ಎಂದಾಯಿತು. ದಾವಣಗೆರೆಯಲ್ಲಿಯೂ ಹೀಗೆಯೇ. ಇದನ್ನು ಯಾರೂ ಕುಳಿತು ತೀರ್ಮಾನಿಸಿದುದಲ್ಲ; ಕನ್ನಡಿಗರ ನಾಲಗೆಯು ತಾನಾಗಿಯೇ ಮಾಡಿಕೊಂಡ ಬದಲಾವಣೆ. ಹದಿಮೂರನೆಯ ಶತಮಾನದ ವ್ಯಾಕರಣಕಾರನಾದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇಂತಹ ಮಾರ್ಪಾಟುಗಳಿಗೆ ಸೂತ್ರಗಳನ್ನು ಹೇಳಿದ್ದಾನೆ. ಬತ್ತವನ್ನು ಕುಟ್ಟುವಾಗ ಹೆಂಗಸರು ಹೇಳುತ್ತಿದ್ದ ಹಾಡಿಗೆ ಒನಕೆವಾಡು ಎಂಬ ಹೆಸರು ಉಂಟು. ಹಾಡು ಎಂಬುದು ಹಳಗನ್ನಡದಲ್ಲಿ ಪಾಡು. ಒನಕೆಯೊಡನೆ ಸೇರಿದಾಗ ಪಕಾರವು ವಕಾರವಾಯಿತು. ಹೊರಗೆ ಪಾಡು ಹಾಡಾದರೂ ಒನಕೆಯ ಜೊತೆಯಲ್ಲಿ ಹಳೆಯ ಪಕಾರದ ನೆನಪು ವಕಾರದ ವೇಷದಲ್ಲಿ ಉಳಿದುಕೊಂಡಿದೆ. ಮಾತುಗಳು ಮನಸ್ಸಿಗೆ ಬಂದಂತೆ ಬದಲಾಗುವುದಿಲ್ಲ, ಒಂದು ಕಟ್ಟಳೆಯನ್ನು ಅನುಸರಿಸಿ ಬದಲಾಗುತ್ತವೆ ಎಂಬುದೇ ಇಲ್ಲಿ ನಾವು ಕಲಿಯತಕ್ಕ ಪಾಠ. ಒರಳಿನ ಹುಟ್ಟನ್ನು ಹುಡುಕುವವರಿಗೆ ದೀಪವೂ ಇದೇ.

ಹಳಗನ್ನಡದಲ್ಲಿ ಈ ಪದದ ರೂಪ ಒರಳ್. ಕೊರಳ್, ಬೆರಳ್, ಕರುಳ್ ಎಂಬ ಪದಗಳು ಕೊನೆಗೊಂದು ಉಕಾರವನ್ನು ಸೇರಿಸಿಕೊಂಡು ಕೊರಳು, ಬೆರಳು, ಕರುಳು ಎಂದಾದಂತೆ ಇದೂ ಒರಳು ಎಂದಾಯಿತು. ಇನ್ನು ನೆರೆಹೊರೆಯ ಭಾಷೆಗಳನ್ನು ನೋಡೋಣ. ತಮಿಳರೂ ಮಲೆಯಾಳಿಗಳೂ ಇದನ್ನು ಉರಲ್ ಎನ್ನುತ್ತಾರೆ. ಮೊದಲಿನ ಸ್ವರ ಬೇರೆಯಾಯಿತಲ್ಲಾ ಎಂದು ಸಂದೇಹಪಡಬೇಕಾದುದಿಲ್ಲ. ತಮಿಳಿನ ಉಡಲ್ ನಮ್ಮಲ್ಲಿ ಒಡಲು; ಅವರ ಕುರಲ್ ನಮ್ಮ ಕೊರಳು; ಅವರ ಕುಡೈ ನಮ್ಮ ಕೊಡೆ; ಅವರ ಪುಗೈ ನಮ್ಮ ಹೊಗೆ. ಅವರಲ್ಲಿ ಉಕಾರವಿರುವ ಇಂತಹ ಪದಗಳಲ್ಲಿ ನಮ್ಮಲ್ಲಿ ಒಕಾರವಿರುವುದು ವಾಡಿಕೆ. ಇಕಾರಕ್ಕೂ ಇದೇ ನಿಯಮ: ಅವರ ಇಲೈ ನಮ್ಮ ಎಲೆ, ಅವರ ವಿರಲ್ ನಮ್ಮ ಬೆರಳು, ಅವರ ನಿಲಂ ನಮ್ಮ ನೆಲ. ಆದುದರಿಂದ ಉರಲ್ ಎಂಬುದೂ ಒರಳು ಎಂಬುದೂ ಒಂದೇ ತಾಯಿಯ ಮಕ್ಕಳು.

ತೆಲುಗಿನವರು ಒರಳಿಗೆ ರೋಲು ಎನ್ನುತ್ತಾರೆ. ಮೊದಲ ನೋಟಕ್ಕೆ ಇದು ದೂರದ ಪದವೆಂದು ತೋರುವುದು. ಆದರೆ ನಮ್ಮ ಎರಡು ಅವರಲ್ಲಿ ರೆಂಡು, ನಮ್ಮ ಅವರು ಅವರಲ್ಲಿ ವಾರು, ನಮ್ಮ ಇವರು ಅವರಲ್ಲಿ ವೀರು ಎಂಬುದನ್ನು ತೆಲುಗು ಬಲ್ಲ ವಾಚಕರು ಅರಿತೇ ಇರುವರು. ಮೊದಲಲ್ಲಿದ್ದ ಸ್ವರವು ತನ್ನ ಮುಂದಿನ ವ್ಯಂಜನಕ್ಕೆ ದಾರಿಬಿಟ್ಟು ಅದರ ಹಿಂದೆ ನಿಲ್ಲುವುದು ತೆಲುಗಿನ ಸ್ವಭಾವ. ಅದೇ ರೀತಿಯಲ್ಲಿ ಒರಳಿನ ಒಕಾರವು ರಕಾರದ ಹಿಂದೆ ಸರಿದು ರೋಲು ಎಂದಾಗಿದೆ.

ಒರಳಿನ ಜೊತೆಗಾರನಾದ ಒನಕೆಯ ಕಥೆಯೂ ಇಂತಹುದೇ. ತಮಿಳಿನಲ್ಲಿ ಅದು ಉಲಕ್ಕೈ, ಮಲೆಯಾಳದಲ್ಲಿ ಉಲಕ್ಕ, ಕೊಡಗರ ಮಾತಿನಲ್ಲಿ ಒಲಕೆ, ತೆಲುಗಿನಲ್ಲಿ ರೋಕಲಿ. ಕನ್ನಡದಲ್ಲಿಯೂ ಒಲಕೆ ಎಂಬ ರೂಪವುಂಟು. ಲಿಂಬೆಯು ನಿಂಬೆಯಾದಂತೆ ಒಲಕೆಯು ಒನಕೆಯಾಯಿತು. ಒರಳು ಒನಕೆಗಳೆರಡೂ ಒಂದೇ ಕಟ್ಟಳೆಗೆ ಒಳಪಟ್ಟು, ಜೊತೆಯಲ್ಲಿಯೇ ರೂಪವನ್ನು ಬದಲಿಸುತ್ತ, ಒಂದು ಭಾಷೆಯಿಂದ ಇನ್ನೊಂದಕ್ಕೆ ಗಂಡಹೆಂಡಿರಂತೆ ಸಾಗಿಬಂದಿವೆ.

ಇದರಿಂದ ತಿಳಿಯತಕ್ಕ ವಿಷಯವು ಅಲ್ಪವಾದುದಲ್ಲ. ಒಬ್ಬರಿಂದೊಬ್ಬರು ಎರವಲು ತಂದ ಪದಗಳು ಸಾಮಾನ್ಯವಾಗಿ ತಂದ ರೂಪದಲ್ಲಿಯೇ ಇರುತ್ತವೆ. ಪ್ರತಿಯೊಂದು ಭಾಷೆಯೂ ತನ್ನ ತನ್ನ ನಿಯಮದಂತೆ ಬೇರೆ ಬೇರೆಯಾಗಿ ಬೆಳೆಸಿಕೊಂಡಿರುವ ಪದವಾದರೆ, ಅದು ಆ ಭಾಷೆಗಳೆಲ್ಲವೂ ಒಂದೇ ಮನೆಯಲ್ಲಿ ಕೂಡಿದ್ದಾಗಿನ ಆಸ್ತಿಯೆಂದು ಹೇಳಬೇಕು. ಕನ್ನಡದ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯ ಶಾಸನವು ಸುಮಾರು ಕ್ರಿಸ್ತಶಕ ೪೫೦ರದೆಂದು ಎಣಿಸುವರು. ಅಣ್ಣತಮ್ಮಂದಿರು ಮನೆ ಹಿಸ್ಸೆಯಾಗಿ ಕನ್ನಡ ತೆಲುಗು ತಮಿಳುಗಳೆಂದು ಬೇರೆಯಾದುದು ಅದಕ್ಕೂ ಬಹಳ ಹಿಂದಿನ ಮಾತು. ಆ ಹಿಸ್ಸೆಗೂ ಮೊದಲು ಒರಳೆಂಬ ಪದವಿದ್ದಿತು. ಕಲ್ಲಿನ ಮೇಲೆ ಅಕ್ಷರವನ್ನು ಕೆತ್ತುವುದಕ್ಕಿಂತ ಎಷ್ಟೋ ಮೊದಲೇ ನಮ್ಮವರು ಕಲ್ಲಿನಲ್ಲಿ ಗುಳಿಯನ್ನು ತೋಡಿ ಅದಕ್ಕೆ ಹೆಸರಿಟ್ಟಿದ್ದರು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರು ಬಳಸಿದ ಅರೆಯುವ ಕಲ್ಲುಗಳು ದೊರೆತಿವೆ.

ಹಾಗಾದರೆ ಒರಳು ಎಂಬುದರ ಅರ್ಥವೇನು? ಒರೆಸು, ಒರೆಗಲ್ಲು ಎಂಬ ಮಾತುಗಳು ನಮಗೆ ಪರಿಚಿತವಾದುದರಿಂದ, ಒರೆಯುವ ಕಲ್ಲೇ ಒರಳು ಎಂದು ಥಟ್ಟನೆ ಹೇಳಿಬಿಡಬೇಕೆನ್ನಿಸುವುದು ಸಹಜ. ಧ್ವನಿಯು ಹೊಂದುತ್ತದೆ, ಕೆಲಸವು ಹೊಂದುವುದಿಲ್ಲ. ಒರೆಯುವುದೆಂದರೆ ಉಜ್ಜುವುದು, ಒರಳಿನ ಮೂಲಕಾರ್ಯವು ಕುಟ್ಟಿಸಿಕೊಳ್ಳುವುದು. ದೋಸೆಗೂ ಚಟ್ನಿಗೂ ರುಬ್ಬುವ ಕಲ್ಲನ್ನೂ ನಾವು ಒರಳೆನ್ನುವೆವಲ್ಲಾ ಎಂದು ಕೇಳಬಹುದು. ಅದಕ್ಕೆ ರುಬ್ಬುವ ಒರಳೆಂದು ವಿಶೇಷಣವನ್ನು ಸೇರಿಸಬೇಕಾಗಿ ಬಂದುದನ್ನು ಗಮನಿಸಿರಿ. ತಮಿಳರು ಹಿಟ್ಟು ರುಬ್ಬುವ ಕಲ್ಲನ್ನು ಆಟ್ಟುಕ್ಕಲ್ ಎಂದು ಬೇರೆ ಹೆಸರಿನಿಂದ ಕರೆಯುತ್ತಾರೆ. ಎಲ್ಲ ಭಾಷೆಗಳಲ್ಲಿಯೂ ಒರಳಿಗೆ ಜೊತೆಯಾಗಿ ಬರುವುದು ಒನಕೆ. ಆದುದರಿಂದ ಕುಟ್ಟುವ ಒರಳೇ ಹಿರಿಯದು. ರುಬ್ಬುವುದು ಅದರ ಹೆಸರನ್ನು ಪಡೆದ ಕಿರಿಯದು. ಬರಿಯ ಹೋಲಿಕೆಯನ್ನು ನಂಬಿ ಹೊರಟರೆ ದಾರಿ ತಪ್ಪುವುದಕ್ಕೆ ಇನ್ನೊಂದು ನಿದರ್ಶನವೂ ಉಂಟು. ಮೈಸೂರು ಸೀಮೆಯ ಹಳ್ಳಿಗರ ಬಾಯಲ್ಲಿ ಒರಳುಕಲ್ಲು ಒಳಕಲ್ಲಾಗಿದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟದಲ್ಲಿ ಬಂಡೆಯ ಗುಳಿಯೊಳಕ್ಕೆ ಕೈಯಿಟ್ಟು ನೀರನ್ನು ಮುಟ್ಟುವ ಒಳಕಲ್ಲು ತೀರ್ಥವು ಪ್ರಸಿದ್ಧವಾಗಿದೆ. ಈಗಿನವರು ಒಳಗಿನ ಕಲ್ಲು ಎಂದು ಅರ್ಥಮಾಡಿಕೊಳ್ಳುವುದು ಸುಲಭ. ಆದರೆ ಒಳಕಲ್ಲೆಂದರೆ ಹಳ್ಳಿಯವರಿಗೆ ಒರಳೇ.

ಸಂಸ್ಕೃತದಲ್ಲಿ ಒರಳಿಗೆ ಉಲೂಖಲವೆಂದು ಹೆಸರು. ಋಗ್ವೇದದ ಮೊದಲನೆಯ ಮಂಡಲದಲ್ಲಿ ಮನೆಮನೆಯ ಒರಳನ್ನು ಉದ್ದೇಶಿಸಿ ಹೇಳಿದ ಸೂಕ್ತವೇ ಉಂಟು. ಯಶೋದೆಯು ಬಾಲಕೃಷ್ಣನ ಹೊಟ್ಟೆಗೆ ಹಗ್ಗವನ್ನು ಸುತ್ತಿ ಕಟ್ಟಿಹಾಕಿದುದು ಈ ಉಲೂಖಲಕ್ಕೇ. ಆತನಿಗೆ ದಾಮೋದರನೆಂಬ ಹೆಸರು ಬಂದುದು ಆ ಹಗ್ಗದಿಂದಲೇ. ಉಲೂಖಲ ಎಂಬುದಕ್ಕೆ ನಿರುಕ್ತಕಾರನಾದ ಯಾಸ್ಕನು ಒಂದಲ್ಲ, ಮೂರು ವ್ಯುತ್ಪತ್ತಿಗಳನ್ನು ಹೇಳುತ್ತಾನೆ: ಹೆಚ್ಚಾಗಿ ಮಾಡುವುದು, ಮೇಲ್ಮುಖವಾದ ಗುಳಿಯುಳ್ಳದ್ದು, ಅನ್ನವನ್ನು ಉಂಟುಮಾಡುವುದು. ಮೂರೂ ಒರಳಿಗೆ ಒಪ್ಪುವ ಮಾತುಗಳೇ. ಆದರೆ ಒಂದೇ ಮಗುವಿಗೆ ಮೂರು ಮಂದಿ ತಂದೆಯರನ್ನು ತೋರಿಸಿದರೆ ನಿಜವಾದ ತಂದೆ ಯಾರೆಂಬುದು ತೀರ್ಮಾನವಾಗಲಿಲ್ಲವೆಂದೇ ಅರ್ಥವಷ್ಟೆ! ಆಕ್ಸ್‌ಫರ್ಡಿನ ಸಂಸ್ಕೃತ ವಿದ್ವಾಂಸರಾದ ಬರೋ ಎಂಬವರು ಈ ಉಲೂಖಲವೇ ದ್ರಾವಿಡ ಭಾಷೆಗಳ ಉಲಕ್ಕೈ, ಒಲಕೆಗಳ ಕಡೆಯಿಂದ ಸಂಸ್ಕೃತಕ್ಕೆ ಹೋದ ಪದವೆಂದು ಅಭಿಪ್ರಾಯಪಟ್ಟರು. ಎಲ್ಲ ಪಂಡಿತರೂ ಇದನ್ನು ಒಪ್ಪಿದವರಲ್ಲ. ಈ ವ್ಯಾಜ್ಯವು ಹೇಗೆ ತೀರಿದರೂ ನಮ್ಮ ಒರಳಿಗೆ ನಷ್ಟವಿಲ್ಲ. ಒಳ್ಳೆಯ ಮಾತುಗಳೆಲ್ಲ ಹೊರಗಿನಿಂದ ಬಂದುವು, ಒರಟು ಮಾತುಗಳು ಮಾತ್ರ ನಮ್ಮವು ಎಂದು ನಾಚಿಕೊಳ್ಳುವ ಕನ್ನಡಿಗರು ಒರಳಿನ ಮುಂದೆ ಒಂದು ಗಳಿಗೆ ನಿಂತು ಯೋಚಿಸಬಹುದು.

ಒಟ್ಟಿನಲ್ಲಿ ಒರಳು ಎಂದರೆ ಒರಳೇ. ಕಲ್ಲು, ನೀರು, ಕಣ್ಣು ಎಂಬ ಪದಗಳಂತೆ ಇದನ್ನೂ ಇನ್ನೊಂದು ಪದದಿಂದ ಬಿಡಿಸಿ ಹೇಳಬೇಕಾದುದಿಲ್ಲ. ಅದು ತಾನೇ ಬೇರು. ಆ ಬೇರಿನಿಂದ ಹೊರಟ ಬಳ್ಳಿಯಾದರೋ ಬಲು ದೊಡ್ಡದು. ಇಂಗ್ಲಿಷ್ ಬಲ್ಲವರು ಎಲ್ಲಕ್ಕೂ ಸೇರಿಸಿ ಗ್ರೈಂಡ್ ಎಂದು ಒಂದೇ ಮಾತನ್ನು ಆಡಿ ಮುಗಿಸುವಲ್ಲಿ ನಮ್ಮ ಮನೆಯ ಹೆಂಗಸರಿಗೆ ಕುಟ್ಟುವುದು ಬೇರೆ, ಬೀಸುವುದು ಬೇರೆ, ಅರೆಯುವುದು ಬೇರೆ, ರುಬ್ಬುವುದು ಬೇರೆ. ಒನಕೆಯನ್ನು ಮೇಲೆತ್ತಿ ಇಳಿಸಿದರೆ ಕುಟ್ಟುವುದು. ಬೀಸುವ ಕಲ್ಲಿನ ಗೂಟವನ್ನು ಹಿಡಿದು ಸುತ್ತಿಸಿದರೆ ಬೀಸುವುದು. ಚಪ್ಪಟೆ ಕಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಅರೆಯುವುದು. ಗುಳಿಯಲ್ಲಿ ಗುಂಡುಕಲ್ಲನ್ನು ತಿರುಗಿಸಿದರೆ ರುಬ್ಬುವುದು. ಕೈಯ ನಾಲ್ಕು ಬಗೆಯ ಚಲನೆಗೆ ನಾಲ್ಕು ಮಾತುಗಳು. ಅಡಕೆಯ ಸೀಮೆಯಾದ ಚನ್ನಗಿರಿಯಲ್ಲಿ ಹಲ್ಲಿಲ್ಲದ ಮುದುಕರಿಗೆ ಎಲೆಯಡಕೆಯನ್ನು ಜಜ್ಜಿಕೊಡುವ ಚಿಕ್ಕ ಸಾಧನವನ್ನು ಹೇಗೆ ಮರೆಯುವುದು! ಅದರ ಹೆಸರಾದ ಕುಟ್ಟಾಣಿಯು ಕುಟ್ಟು ಎಂಬುದರಿಂದಲೇ ಬಂದುದು. ಕುಟ್ಟಿ ಚಪ್ಪಟೆ ಮಾಡಿದ ಅಕ್ಕಿಗೆ ತಮಿಳು ಮಲೆಯಾಳಗಳಲ್ಲಿ ಅವಲ್ ಎಂದಷ್ಟೇ ಹೆಸರು. ನಾವು ಅದಕ್ಕೆ ಅಕ್ಕಿಯನ್ನೂ ಸೇರಿಸಿ ಅವಲಕ್ಕಿ ಎನ್ನುವೆವು. ಒನಕೆಯ ತುದಿ ಸೀಳದಂತೆ ತೊಡಿಸುವ ಲೋಹದ ಕಟ್ಟಿಗೆ ಅಣಸು ಎಂದು ಹೆಸರು. ಈ ಕೊನೆಯ ಪದವನ್ನು ಬಲ್ಲವರು ವಾಚಕರಲ್ಲಿ ಎಷ್ಟು ಮಂದಿ ಇರುವರೋ!

ಚಿತ್ರದುರ್ಗದ ಕೋಟೆಯಲ್ಲಿ ಹೈದರಾಲಿಯ ಸೈನಿಕರು ಬಂಡೆಯ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಬಂದಾಗ, ಕಾವಲುಗಾರನ ಹೆಂಡತಿಯಾದ ಓಬವ್ವನು ಅವರನ್ನು ಒನಕೆಯಿಂದಲೇ ಹೊಡೆದು ಕೆಡಹಿದಳೆಂಬುದು ಎಲ್ಲರೂ ಬಲ್ಲ ಕಥೆ. ಆ ಕೋಟೆಯು ಕೊನೆಗೆ ಹೈದರನ ವಶವಾದುದು ೧೭೭೯ರಲ್ಲಿ. ಓಬವ್ವನಿಗೆ ಒನಕೆ ಓಬವ್ವ ಎಂಬ ಹೆಸರೇ ನಿಂತಿತು. ಒನಕೆಯೇ ಆಕೆಯ ಕೈಗೆ ಸಿಕ್ಕಿತೇಕೆ? ಅದು ದಿನವೂ ಆಕೆಯ ಕೈಯಲ್ಲಿದ್ದ ವಸ್ತುವಾದುದರಿಂದ. ವರ್ಷಗಟ್ಟಲೆ ಬತ್ತ ಕುಟ್ಟಿ ಪಳಗಿದ ತೋಳಿನ ಶಕ್ತಿಯನ್ನು ಆ ಹೆಸರು ನಮಗೆ ಜ್ಞಾಪಿಸುತ್ತದೆ.

ಆದರೆ ಆ ಶಕ್ತಿಗೆ ಹೆಂಗಸರು ತೆತ್ತ ಬೆಲೆಯನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ. ಕೋಳಿ ಕೂಗುವ ಮುಂಚೆ ಎದ್ದು, ಮನೆಮಂದಿಯೆಲ್ಲ ಏಳುವುದರೊಳಗಾಗಿ ಆ ದಿನದ ಅಕ್ಕಿಯನ್ನೂ ಹಿಟ್ಟನ್ನೂ ಸಿದ್ಧಮಾಡಬೇಕಾಗಿದ್ದಿತು. ಕುಟ್ಟಿದುದನ್ನು ಮೊರದಲ್ಲಿ ಕೇರಿ, ಉಮಿ, ತೌಡು, ನುಚ್ಚುಗಳನ್ನು ಬೇರೆಮಾಡಿ, ಮತ್ತೆ ಕುಟ್ಟಬೇಕು. ಬಸುರಿಯಾಗಲಿ ಬಾಣಂತಿಯಾಗಲಿ ಬಡವರ ಮನೆಯಲ್ಲಿ ಇದಕ್ಕೆ ಬಿಡುವು ದೊರೆಯುವುದು ದುರ್ಲಭ. ಒಲೆ, ಬೀಸುವ ಕಲ್ಲು, ಕಸಬರಿಕೆ, ಒರಳು ಒನಕೆ, ನೀರಿನ ಕೊಡ ಈ ಐದೂ ಗೃಹಸ್ಥನ ಮನೆಯ ಹಿಂಸಾಸ್ಥಾನಗಳೆಂದು ಮನುಸ್ಮೃತಿಯು ಎಣಿಸಿ ಅದಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸಿದೆ. ಅಲ್ಲಿ ಸಾಯುವ ಕ್ರಿಮಿಕೀಟಗಳಿಗಾಗಿ ಈ ಎಣಿಕೆ. ಅದೇ ಐದು ಸ್ಥಾನಗಳಲ್ಲಿ ಜನ್ಮವನ್ನೆಲ್ಲ ಸವೆಸಿದವಳ ದಣಿವು ಈ ಲೆಕ್ಕದಲ್ಲಿ ಸೇರಿಲ್ಲ. ಅದನ್ನು ಅವಳೇ ಹಾಡಾಗಿ ಹೇಳಿಕೊಂಡಳು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ಗರತಿಯ ಹಾಡು ಎಂಬ ಸಂಗ್ರಹವು ಇಂತಹ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳ ಭಂಡಾರ.

ಅಕ್ಕಿಯ ಗಿರಣಿಯು ಬಂದು ಈ ದುಡಿಮೆಯನ್ನು ಇಳಿಸಿತು. ಅದರೊಡನೆ ಒಂದು ಕೆಡುಕೂ ಬಂದಿತು. ತೌಡನ್ನು ಪೂರ್ಣವಾಗಿ ತೆಗೆದ ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳು ಬೆರಿಬೆರಿಯಂತಹ ನರರೋಗಕ್ಕೆ ತುತ್ತಾಗುವುದನ್ನು ಐಕ್‌ಮನ್ ಎಂಬ ಡಚ್ ವೈದ್ಯನು ಜಾವಾ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದನು. ಆತನಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ೧೯೩೪ರಲ್ಲಿ ವಾರ್ಧಾದಲ್ಲಿ ಗಾಂಧಿಯವರು ಸ್ಥಾಪಿಸಿದ ಗ್ರಾಮೋದ್ಯೋಗ ಸಂಘವು ಕೈಯಿಂದ ಕುಟ್ಟಿದ ಅಕ್ಕಿಯ ಪ್ರಚಾರಕ್ಕೆ ಕೈಹಾಕಿದುದಕ್ಕೆ ಇದೂ ಒಂದು ಕಾರಣ. ಆದರೂ ಒನಕೆಯು ಮತ್ತೆ ಮನೆಮನೆಗೂ ಬರಲಿಲ್ಲ. ಬರಬೇಕೆಂದು ಬಯಸುವುದೂ ಸಲ್ಲದು. ಪಾಲಿಷ್ ಕಡಿಮೆಯಾದ ಅಕ್ಕಿಯನ್ನು ಗಿರಣಿಯೇ ಮಾಡಿಕೊಡಬಲ್ಲುದು.

ಕೆಲಸ ಹೋದುದಕ್ಕಾಗಿ ಮರುಗಬೇಕಾದುದಿಲ್ಲ. ಕೆಲಸದೊಡನೆ ಮಾತೂ ಹೋಗುತ್ತಿರುವುದಕ್ಕೆ ಮಾತ್ರ ಮರುಗಬೇಕು. ಕೆಲವು ಮಾತುಗಳು ಜಾಣತನದಿಂದ ಬದುಕಿಕೊಂಡಿವೆ. ಮಿಕ್ಸಿಯು ಅಲಗುಗಳಿಂದ ಕತ್ತರಿಸುವ ಯಂತ್ರ. ಆದರೂ ಮಿಕ್ಸಿಯಲ್ಲಿ ಕತ್ತರಿಸು ಎಂದು ಯಾರೂ ಹೇಳುವುದಿಲ್ಲ, ರುಬ್ಬು ಎಂದೇ ಹೇಳುವರು. ವಿದ್ಯುತ್ತಿನ ಗ್ರೈಂಡರಿನಲ್ಲಿ ಗುಂಡುಕಲ್ಲುಗಳು ಒಂದೆಡೆ ನಿಂತು ಪಾತ್ರೆಯೇ ಸುತ್ತುತ್ತದೆ. ಅಲ್ಲಿಯೂ ನಾವು ರುಬ್ಬುವುದನ್ನು ಬಿಟ್ಟಿಲ್ಲ. ಮದುವೆಯ ಮನೆಗಳಲ್ಲಿ ಒರಳು ಒನಕೆಗಳಿಗೆ ಅರಿಸಿನ ಕುಂಕುಮಗಳನ್ನು ಹಚ್ಚಿ ಮುತ್ತೈದೆಯರು ಅರಿಸಿನ ಕುಟ್ಟುವ ಶಾಸ್ತ್ರವು ಇನ್ನೂ ಅನೇಕರಲ್ಲಿ ನಡೆಯುತ್ತಿದೆ. ಆದರೆ ಅಣಸು ಹೋಯಿತು. ಒನಕೆವಾಡು ಪುಸ್ತಕದ ಮಾತಾಯಿತು. ಕೇರುವುದಕ್ಕೂ ಜಾಲಿಸುವುದಕ್ಕೂ ಇರುವ ಭೇದವನ್ನು ಹೇಳಬಲ್ಲ ಹುಡುಗಿಯರು ವಿರಳರಾದರು.

ಕಿಟ್ಟೆಲ್ ಎಂಬ ಜರ್ಮನ್ ಪಾದ್ರಿಯು ದೂರದೇಶದಿಂದ ಬಂದು, ನಮ್ಮ ಒರಳು ಒನಕೆಗಳ ಹೆಸರುಗಳನ್ನು ಸಹ ಬಿಡದೆ ಕೂಡಿಹಾಕಿ, ೧೮೯೪ರಲ್ಲಿ ಮಂಗಳೂರಿನಲ್ಲಿ ತನ್ನ ದೊಡ್ಡ ಕೋಶವನ್ನು ಅಚ್ಚುಮಾಡಿಸಿದನು. ಬರೋ ಮತ್ತು ಎಮೆನೊ ಎಂಬ ಇಬ್ಬರು ಪಂಡಿತರು ದ್ರಾವಿಡ ಭಾಷೆಗಳ ನೆಂಟತನವನ್ನೆಲ್ಲ ಒಟ್ಟುಗೂಡಿಸಿ ೧೯೬೧ರಲ್ಲಿ ನಿರುಕ್ತಕೋಶವನ್ನು ಹೊರಡಿಸಿದರು. ಇವರೆಲ್ಲರೂ ಬರೆದುಕೊಂಡುದು ಯಾರೋ ಆಡಿದ ಮಾತನ್ನೇ ಅಲ್ಲವೆ? ಓದುಬರೆಹವನ್ನರಿಯದ, ಶಾಸನದಲ್ಲಿ ಹೆಸರಿಲ್ಲದ, ಕಾವ್ಯವನ್ನು ಬರೆಯದ ಹೆಂಗಸರು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಎಂದು ಸಾವಿರಾರು ವರ್ಷಗಳ ಕಾಲ ಒಂದು ಅಕ್ಷರವೂ ಸೋರಿಹೋಗದಂತೆ ಈ ಪದಗಳನ್ನು ಸಾಗಿಸಿ ತಂದರು. ರಾಜ್ಯಗಳು ಎದ್ದು ಬಿದ್ದುವು. ಒರಳು ಮಾತ್ರ ಒರಳಾಗಿಯೇ ಉಳಿಯಿತು.

ಆದುದರಿಂದ ಮನೆಯಲ್ಲಿ ಹಿರಿಯ ಹೆಂಗಸರಿರುವ ವಾಚಕರಲ್ಲಿ ಒಂದು ವಿಜ್ಞಾಪನೆ. ಬಿಡುವಿನ ಒಂದು ಸಂಜೆ ಅವರ ಬಳಿಯಲ್ಲಿ ಕುಳಿತು, ಅಡಿಗೆಯ ಮನೆಯಲ್ಲಿ ಅವರು ಬಳಸುತ್ತಿದ್ದ ಸಾಮಾನುಗಳ ಹೆಸರು, ಆ ಸಾಮಾನಿನ ಒಂದೊಂದು ಭಾಗದ ಹೆಸರು, ಅದರಿಂದ ಮಾಡುತ್ತಿದ್ದ ಕೆಲಸದ ಹೆಸರು ಇವಿಷ್ಟನ್ನೂ ಅವರು ಉಚ್ಚರಿಸಿದಂತೆಯೇ ಬರೆದಿಟ್ಟುಕೊಳ್ಳಿರಿ. ತಿದ್ದಬೇಡಿರಿ, ಗ್ರಾಂಥಿಕವಾಗಿ ಮಾಡಬೇಡಿರಿ. ಒಳಕಲ್ಲು ಎಂದರೆ ಒಳಕಲ್ಲು ಎಂದೇ ಬರೆಯಿರಿ. ಇದಕ್ಕೆ ಬೇಕಾದುದು ಹತ್ತು ಹಾಳೆಯ ಒಂದು ಪುಸ್ತಕ, ಸ್ವಲ್ಪ ತಾಳ್ಮೆ. ಹಿತ್ತಿಲಿನ ಒರಳುಕಲ್ಲು ಬಿಸಿಲು ಮಳೆಗಳಲ್ಲಿ ಇನ್ನೂ ನೂರು ವರ್ಷ ಬಿದ್ದಿದ್ದರೂ ಕೆಡುವುದಿಲ್ಲ. ಹೆಸರಿನ ಸಂಗತಿಯು ಹಾಗಲ್ಲ. ಅದನ್ನು ಆಡುವವರು ಇರುವ ವರೆಗೆ ಮಾತ್ರ ಅದಕ್ಕೆ ಆಯುಸ್ಸು.